‘ಲಿಫ್ಟ್ ಬೇಕು’ ಚಳವಳಿಯ ಸಂಪೂರ್ಣ ಯಶಸ್ಸು

ನಮ್ಮ ಆಸ್ಪತ್ರೆಯ ಲಿಫ್ಟ್ ಕೆಟ್ಟಿಲ್ಲ. ಅದು ಎರಡನೆಯ ಮತ್ತು ಮೂರನೆಯ ಮಹಡಿಗಳ ನಡುವೆ ನಿಂತಿದೆ. ಈ ವ್ಯತ್ಯಾಸ ಸಾರ್ವಜನಿಕರಿಗೆ ಸಣ್ಣದಾಗಿ ಕಾಣಬಹುದು, ಕಚೇರಿಗೆ ಸಣ್ಣದಲ್ಲ. ಕೆಟ್ಟಿದೆ ಎಂದು ಬರೆದರೆ ಕೆಡಿಸಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ, ತನಿಖೆಯಾಗುತ್ತದೆ, ಪಾಪ ಯಾರದೋ ತಲೆ ಹೋಗುತ್ತದೆ. ನಿಂತಿದೆ ಎಂದು ಬರೆದರೆ ಯಾರಿಗೂ ತೊಂದರೆಯಿಲ್ಲ, ನಿಲ್ಲುವುದೂ ಲಿಫ್ಟಿನ ಕೆಲಸಗಳಲ್ಲಿ ಒಂದು. ಆಸ್ಪತ್ರೆಯ ಪ್ರಕಟಣೆಗಳನ್ನು ಬರೆಯುವ ಕೆಲಸ ನನ್ನದಾದ್ದರಿಂದ ಇಂಥ ಸೂಕ್ಷ್ಮಗಳನ್ನು ನಾನು ನೋಡಿಕೊಳ್ಳಬೇಕಾಗುತ್ತದೆ. ಲಿಫ್ಟಿನ ಬಾಗಿಲಿಗೆ ಅಂಟಿಸಿರುವ ಒಕ್ಕಣೆಯೂ ನನ್ನದೇ: “ಲಿಫ್ಟ್ ಪ್ರಸ್ತುತ ವಿಶ್ರಾಂತ ಸ್ಥಿತಿಯಲ್ಲಿದ್ದು, ಸಾರ್ವಜನಿಕರು ಮೆಟ್ಟಿಲುಗಳ ಸದುಪಯೋಗ ಪಡೆದುಕೊಳ್ಳತಕ್ಕದ್ದು.”

ಲಿಫ್ಟ್ ನಿಂತರೂ ಲಿಫ್ಟ್ ನಡೆಸುವವರು ನಿಂತಿಲ್ಲ. ಅವರನ್ನು ಎಲ್ಲರೂ ಲಿಫ್ಟಣ್ಣ ಎನ್ನುತ್ತಾರೆ. ಬೆಳಿಗ್ಗೆ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಬಂದು, ಬಾಗಿಲ ಮುಂದೆ ಸ್ಟೂಲ್ ಹಾಕಿಕೊಂಡು ಕೂತು, ಬಂದವರಿಗೆಲ್ಲ “ಲಿಫ್ಟ್ ಇಲ್ಲ” ಎಂದು ಹೇಳುತ್ತಾರೆ. ಮೊದಲು ಸುಮ್ಮನೆ ಗುಂಡಿ ಒತ್ತಿದರೆ ಆಗುತ್ತಿತ್ತು, ಈಗ ಪ್ರತಿಯೊಬ್ಬರ ಹತ್ತಿರವೂ ಬಾಯಿ ನೋಯಿಸಿಕೊಳ್ಳಬೇಕು. ಕೆಲಸ ಹೆಚ್ಚಾಯಿತೆಂದು ಅವರು ಗೊಣಗುವುದರಲ್ಲಿ ನ್ಯಾಯವಿದೆ.

ಕಟ್ಟಡದ ವಿಷಯವನ್ನೂ ಒಂದು ಮಾತು ಹೇಳಿಬಿಡಬೇಕು. ಡಯಾಲಿಸಿಸ್ ವಿಭಾಗ ಇರುವುದು ಮೂರನೆಯ ಮಹಡಿಯಲ್ಲಿ, ಆಡಳಿತ ಕಚೇರಿ ಇರುವುದು ನೆಲಮಹಡಿಯಲ್ಲಿ. ಹೀಗೇಕೆಂದು ಹೊಸಬರು ಕೇಳುವುದುಂಟು. ಕಟ್ಟಡ ತಯಾರಾದಾಗ ಮೊದಲು ಬಂದವರು ನಾವು, ಬಂದವರು ಕೆಳಗೇ ಕೂತೆವು. ರೋಗಿಗಳು ಆಮೇಲೆ ಬಂದರು.

ಆಸ್ಪತ್ರೆಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳಿದ್ದಾಳೆ. ಅವಳ ಅಪ್ಪ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಜೀವನವಿಡೀ ನಿಂತುಕೊಂಡೇ ದುಡಿದ ಮನುಷ್ಯ. ಈಗ ಮೂತ್ರಪಿಂಡ ಕೈಕೊಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು. ಕಾಲಿನಲ್ಲಿ ನೀರು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಮೆಟ್ಟಿಲು ತಿರುಗುವ ಕಡೆಯಲ್ಲೆಲ್ಲ “ಹೋಲ್ಡಾನ್” ಎಂದು ಕೂರುತ್ತಾರೆ, ಉಸಿರು ಹತೋಟಿಗೆ ಬಂದ ಮೇಲೆ “ರೈಟ್” ಎಂದು ತಮಗೆ ತಾವೇ ಹೇಳಿಕೊಂಡು ಏಳುತ್ತಾರೆ. ಮಗಳು ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಅಪ್ಪನನ್ನು ಹಿಡಿದುಕೊಂಡಿರುತ್ತಾಳೆ.

ಒಂದು ದಿನ ಅವಳು ನನ್ನ ಮೇಜಿನ ಮುಂದೆ ಬಂದು ನಿಂತು, ಲಿಫ್ಟ್ ಯಾವಾಗ ರಿಪೇರಿಯಾಗುತ್ತದೆ ಎಂದು ಕೇಳಿದಳು. ಲಿಫ್ಟ್ ಕೆಟ್ಟೇ ಇಲ್ಲವೆಂದು ನಾನು ವಿವರಿಸಿದೆ. ಜೆರಾಕ್ಸ್ ಅಂಗಡಿಯ ಗಿರಾಕಿಗಳು ಮನುಷ್ಯರಿಗೆ ತಾಳ್ಮೆ ಕಲಿಸುತ್ತಾರೆ, ಅವಳು ಪೂರ್ತಿ ಕೇಳಿಸಿಕೊಂಡಳು.

“ಸರಿ ಸರ್,” ಎಂದಳು. “ಯಾವಾಗ ಹೊರಡುತ್ತೆ?”

ಅದಕ್ಕೆ ನಾನು ಕಚೇರಿಯ ಪದ್ಧತಿಯನ್ನು ತಿಳಿಸಿದೆ. ಒಬ್ಬರು ಹೇಳಿದರೆ ಅದು ಗೊಣಗಾಟ, ಹತ್ತು ಜನ ಹೇಳಿದರೆ ದೂರು, ಸಾವಿರ ಜನ ಹೇಳಿದರೆ ಜನಾಭಿಪ್ರಾಯ. ಗೊಣಗಾಟವನ್ನು ಕಚೇರಿ ಕಿವಿಗೆ ಹಾಕಿಕೊಳ್ಳುವುದಿಲ್ಲ, ದೂರಿಗೆ ಸ್ವೀಕೃತಿ ಕೊಡುತ್ತದೆ, ಜನಾಭಿಪ್ರಾಯವನ್ನು ಗೌರವಿಸುತ್ತದೆ. ಅವಳನ್ನು ಮರ್ಯಾದೆಯಿಂದ ಸಾಗಹಾಕಲು ಹೇಳಿದ ಮಾತು ಇದು. ಆದರೆ ಈಗಿನ ಹುಡುಗರಿಗೆ ಏನು ಹೇಳಿದರೂ ನಿಜವೆಂದೇ ತಿಳಿದು ಎದ್ದುಹೋಗಿ ಮಾಡಿಬಿಡುವ ಒಂದು ಕೆಟ್ಟ ಚಾಳಿ ಇದೆ.

ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ ಮೊಬೈಲ್ ರಿಪೇರಿಯ ಹುಡುಗನೊಬ್ಬನಿದ್ದಾನೆ. ಯಾರು ಏನೇ ತೊಂದರೆ ತಂದರೂ ಮೊದಲು ಚಾರ್ಜರ್ ಬದಲಾಯಿಸಿ ನೋಡುವುದರಿಂದ ಅವನಿಗೆ ಚಾರ್ಜರ್ ಎಂದೇ ಹೆಸರು. ಆ ಸಂಜೆಯೇ ಇಬ್ಬರೂ ಸೇರಿ ಮೊಬೈಲಿನಲ್ಲಿ ‘ಲಿಫ್ಟ್ ಬೇಕು’ ಎಂಬ ಗ್ರೂಪ್ ಶುರುಮಾಡಿದರು. ಹುಡುಗಿ ಮೆಟ್ಟಿಲ ಮೇಲೆ ಕೂತ ಅಪ್ಪನ ಫೋಟೊ ಹಾಕಿ ಕೆಳಗೆ ಬರೆದಳು: “ಇವರು ನಮ್ಮಪ್ಪ. ಮೂರನೇ ಮಹಡಿಗೆ ಹೋಗಬೇಕು.” ನನ್ನ ಅನುಭವದಲ್ಲಿ ಬಹಳ ದುರ್ಬಲ ಒಕ್ಕಣೆ. ಮಾನ್ಯರೇ ಇಲ್ಲ, ವಿಷಯ ಇಲ್ಲ, ಉಲ್ಲೇಖ ಇಲ್ಲ. ಆದರೂ ಕೆಲವೇ ದಿನಗಳಲ್ಲಿ ಸಾವಿರಾರು ಜನ ಬಂದು ಸೇರಿಕೊಂಡರು.

ಸೇರಿದವರಲ್ಲಿ ಹೆಚ್ಚಿನವರು ನಮ್ಮ ಆಸ್ಪತ್ರೆಯನ್ನು ಕಂಡವರಲ್ಲ. ಕೆಲವರ ಊರಿನಲ್ಲಿ ಲಿಫ್ಟೇ ಇಲ್ಲ, ಕೆಲವರ ಊರಿನಲ್ಲಿ ಎರಡನೆಯ ಮಹಡಿಯೇ ಇಲ್ಲ. ಅನ್ಯಾಯ ಎಲ್ಲಿದ್ದರೂ ಅನ್ಯಾಯವೇ ಎಂದು ಎಲ್ಲರೂ ಮಲಗಿದಲ್ಲಿಂದಲೇ ಒಪ್ಪಿಕೊಂಡರು. ಮೊದಲ ಚರ್ಚೆ ಗ್ರೂಪಿನ ಚಿತ್ರದ ಬಗ್ಗೆ ನಡೆಯಿತು. ಮುಷ್ಟಿ ಇಡಬೇಕೆಂದು ಕೆಲವರು, ಮೇಲಕ್ಕೆ ತೋರಿಸುವ ಬಾಣ ಇಡಬೇಕೆಂದು ಕೆಲವರು. ಬರೀ ಮೇಲಕ್ಕೆ ಬಾಣ ಬಿಟ್ಟರೆ ಇಳಿಯುವವರ ಗತಿಯೇನು ಎಂದು ಒಬ್ಬ ಕೇಳಿದ. ಅದು ನ್ಯಾಯವಾದ ಪ್ರಶ್ನೆಯಾದ್ದರಿಂದ ಬಹಳ ದಿನ ಎಳೆಯಿತು. ಕೊನೆಗೆ ಇಳಿಯುವವರ ಪರವಾಗಿದ್ದವರು ಮುನಿಸಿಕೊಂಡು ಹೊರಗೆ ಹೋಗಿ ‘ಲಿಫ್ಟ್ ಬೇಕೇ ಬೇಕು’ ಎಂಬ ಬೇರೆ ಗ್ರೂಪ್ ಕಟ್ಟಿದರು. ಎರಡಕ್ಕೂ ವಿರುದ್ಧವಾಗಿ ‘ಮೆಟ್ಟಿಲೇ ಮದ್ದು’ ಎಂದು ಮೂರನೆಯದು ಹುಟ್ಟಿತು. ಅದರವರು ಬೆಳಿಗ್ಗೆ ಬೆಳಿಗ್ಗೆ ಓಡುವ ಬೂಟಿನ ಚಿತ್ರ ಕಳಿಸುತ್ತಿದ್ದರು.

ಈ ಗದ್ದಲದ ನಡುವೆ ಹುಡುಗಿ ಡಯಾಲಿಸಿಸ್ ಇರುವ ದಿನ ಒಂದೇ ಸಾಲು ಬರೆಯುತ್ತಿದ್ದಳು. ಇವತ್ತು ಅಪ್ಪ ಎರಡು ಕಡೆ ಕೂತರು. ಇವತ್ತು ಮೂರು ಕಡೆ. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲೇ ಬೀಳುತ್ತಿತ್ತು. ಯಾರೋ ಪುಣ್ಯಾತ್ಮರು, ಕೂರುವುದು ಒಳ್ಳೆಯದು, ವಿಶ್ರಾಂತಿ ಮುಖ್ಯ ಎಂದೂ ಬರೆದಿದ್ದರು.

ಇದೇ ಹೊತ್ತಿಗೆ ಮೇಲಿನ ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಸಾಮಾಜಿಕ ಬದಲಾವಣೆಗಾಗಿ ಪ್ರತಿಯೊಂದು ಸಂಸ್ಥೆಯೂ ಯುವಜನರನ್ನು ಅಂತರ್ಜಾಲದ ಮೂಲಕ ಸಂಘಟಿಸತಕ್ಕದ್ದು, ಅತ್ಯುತ್ತಮವಾಗಿ ಸಂಘಟಿಸಿದ ಸಂಸ್ಥೆಗೆ ಫಲಕ, ಅದರ ಮುಖ್ಯಸ್ಥರ ಬಡ್ತಿಗೆ ವಿಶೇಷ ಪರಿಗಣನೆ. ನಮ್ಮ ಆಡಳಿತಾಧಿಕಾರಿ ಸಾಹೇಬರು ಓದಿ ತಲೆ ಮೇಲೆ ಕೈ ಹೊತ್ತು ಕೂತರು. ಬಡ್ತಿಯ ಆಸೆ ಅವರಿಗೆ ಬಹಳ ದಿನದ್ದು, ಆದರೆ ಯುವಜನರ ಪರಿಚಯ ಅಷ್ಟಾಗಿ ಇರಲಿಲ್ಲ. ಪಕ್ಕದ ಕಟ್ಟಡದ ನೀರು ಸರಬರಾಜಿನವರು ಆಗಲೇ ತಮ್ಮ ಮಕ್ಕಳನ್ನೂ ಸೋದರಳಿಯಂದಿರನ್ನೂ ಸೇರಿಸಿ ಒಂದು ಚಳವಳಿ ಎಬ್ಬಿಸಲು ಒದ್ದಾಡುತ್ತಿದ್ದಾರೆಂಬ ಸುದ್ದಿಯೂ ಬಂದಿತ್ತು.

ನಮ್ಮಲ್ಲಿ ಆಗಲೇ ಒಂದು ಚಳವಳಿ ಇದೆಯೆಂದು ನಾನು ಹೇಳಿದೆ.

“ಯಾರ ವಿರುದ್ಧ?” ಎಂದರು ಸಾಹೇಬರು.

“ನಮ್ಮ ವಿರುದ್ಧವೇ ಸರ್.”

ಅವರ ಮುಖ ಅರಳಿತು. “ಒಳ್ಳೇದಾಯ್ತು ಬಿಡಿ. ಬೇರೆಯವರನ್ನ ಹುಡುಕಿಕೊಂಡು ಹೋಗೋ ಕಷ್ಟ ತಪ್ಪಿತು.”

ಆ ಮಧ್ಯಾಹ್ನವೇ ಸಾಹೇಬರು ‘ಲಿಫ್ಟ್ ಬೇಕು’ ಗ್ರೂಪಿಗೆ ಸೇರಿಕೊಂಡರು. ಅಲ್ಲಿ ನಡೆದದ್ದು ಹೊರಗಿನವರಿಗೆ ಅರ್ಥವಾಗದಿರಬಹುದು. ಚಾರ್ಜರ್ ಒಳ್ಳೆಯ ಮನೆತನದ ಹುಡುಗ. ಹಿರಿಯರು ಬಂದಾಗ ಎದ್ದು ನಿಂತು ಜಾಗ ಬಿಡುವುದು ಅವನಿಗೆ ತಾಯಿ ಹಾಲಿನ ಜೊತೆ ಬಂದ ಅಭ್ಯಾಸ. ಸಾಹೇಬರ ಹೆಸರು ಗ್ರೂಪಿನಲ್ಲಿ ಕಂಡ ಕೂಡಲೇ ಅವನು ಅಂಗಡಿಯಲ್ಲಿ ಸ್ಟೂಲಿನಿಂದ ನಿಜವಾಗಿಯೂ ಎದ್ದು ನಿಂತನಂತೆ, ತನ್ನ ಅಡ್ಮಿನ್ ಸ್ಥಾನವನ್ನು ಅವರಿಗೆ ಒಪ್ಪಿಸಿ ತಾನು ಸದಸ್ಯನಾಗಿ ಕೆಳಗೆ ಕೂತನಂತೆ. ಹುಡುಗಿ ಸಿಟ್ಟಿನಿಂದ, ನಾವು ಚಳವಳಿ ಮಾಡ್ತಿರೋದೇ ಅವರ ವಿರುದ್ಧ ಅಲ್ವೇನೋ ಎಂದು ಕೇಳಿದ್ದಕ್ಕೆ ಅವನು ಹೇಳಿದ್ದಿಷ್ಟು.

“ಹಾಗಂತ ದೊಡ್ಡವರನ್ನ ಬಾಗಿಲಲ್ಲೇ ನಿಲ್ಲಿಸೋಕಾಗುತ್ತಾ ಅಕ್ಕ? ವಿರೋಧ ಬೇರೆ, ಮರ್ಯಾದೆ ಬೇರೆ.”

ಅವಳೂ ಒಪ್ಪಿಕೊಂಡಳು. ಅವಳೂ ಒಳ್ಳೆಯ ಮನೆತನದವಳೇ.

ಹೀಗೆ ನಮ್ಮ ವಿರುದ್ಧದ ಚಳವಳಿಗೆ ನಮ್ಮ ಸಾಹೇಬರೇ ಮುಖಂಡರಾದರು. ಮೊಬೈಲಿನಲ್ಲಿ ಅವರ ಕೈ ಇನ್ನೂ ಪಳಗಿರಲಿಲ್ಲ. ಅವರು ಚಳವಳಿಗೆ ಕೊಟ್ಟ ಮೊದಲ ಕರೆ, ಮನೆಯವರಿಗೆ ಕಳಿಸಬೇಕಾಗಿದ್ದ “ಬರುವಾಗ ಸೋಪು ತರಬೇಕಾ” ಎಂಬ ಪ್ರಶ್ನೆ. ನೂರಾರು ಯುವಜನರು ಮುಷ್ಟಿ ಎತ್ತಿ ಬೆಂಬಲ ಸೂಚಿಸಿದರು. ಮಾರನೆಯ ದಿನ ನಾನು ಬರೆದ ನಿಯಮಾವಳಿ ಹೊರಬಿತ್ತು:

“ಚಳವಳಿಯು ಕಚೇರಿಯ ವೇಳೆಯಲ್ಲಿ ಮಾತ್ರ ನಡೆಯತಕ್ಕದ್ದು. ಆಕ್ರೋಶವನ್ನು ಊಟದ ವಿರಾಮಕ್ಕೆ ಮುಂಚೆಯೇ ವ್ಯಕ್ತಪಡಿಸಿ ಮುಗಿಸತಕ್ಕದ್ದು. ಸದಸ್ಯರಲ್ಲದವರು ಚಳವಳಿಯಲ್ಲಿ ಪಾಲ್ಗೊಳ್ಳತಕ್ಕದ್ದಲ್ಲ. ಘೋಷಣೆಗಳನ್ನು ಮುಂಚಿತವಾಗಿ ಕಚೇರಿಗೆ ಸಲ್ಲಿಸಿ ಅನುಮೋದನೆ ಪಡೆಯುವುದು. ಕಾಗುಣಿತ ತಪ್ಪಿದ್ದಲ್ಲಿ ತಿದ್ದಿಕೊಡಲಾಗುವುದು.”

ಅಲ್ಲಿಂದ ಮುಂದೆ ನನ್ನ ಕೆಲಸ ದುಪ್ಪಟ್ಟಾಯಿತು. ಬೆಳಿಗ್ಗೆ ಚಳವಳಿಯ ಮುಖಂಡರಾಗಿ ಸಾಹೇಬರು “ಇನ್ನೆಷ್ಟು ದಿನ ಈ ನಿರ್ಲಕ್ಷ್ಯ? ನಮ್ಮ ತಾಳ್ಮೆಯ ಕಟ್ಟೆ ಒಡೆದಿದೆ” ಎಂದು ಗ್ರೂಪಿನಲ್ಲಿ ಗುಡುಗುತ್ತಿದ್ದರು. ಮಧ್ಯಾಹ್ನ ಆಡಳಿತಾಧಿಕಾರಿಯಾಗಿ “ತಮ್ಮ ಕಳಕಳಿಯು ಪರಿಶೀಲನೆಯಲ್ಲಿರುತ್ತದೆ” ಎಂದು ತಾವೇ ಉತ್ತರಿಸುತ್ತಿದ್ದರು. ಎರಡನ್ನೂ ಬರೆದುಕೊಡುತ್ತಿದ್ದವನು ನಾನು. ಜೀವಮಾನವಿಡೀ ಮಧ್ಯಾಹ್ನದ ಒಕ್ಕಣೆಯನ್ನೇ ಬರೆದವನಿಗೆ ಬೆಳಗಿನ ಒಕ್ಕಣೆ ಬರೆಯುವಾಗ ಮೈಯಲ್ಲಿ ಏನೋ ಹುರುಪು ಬರುತ್ತಿತ್ತೆಂದು ಹೇಳಲು ನನಗೆ ಸಂಕೋಚವಿಲ್ಲ. ಒಮ್ಮೊಮ್ಮೆ ಸಾಹೇಬರು ತಮ್ಮ ಬೆಳಗಿನ ಮಾತಿನಿಂದ ತಾವೇ ನೊಂದುಕೊಂಡು, ಸ್ವಲ್ಪ ಮೆತ್ತಗೆ ಬರೆಯಿರಿ ಎನ್ನುತ್ತಿದ್ದರು.

ಆಗ ಒಂದು ಸಣ್ಣ ಆತಂಕ ಎದುರಾಯಿತು. ಹುಡುಗಿ ಯಾರನ್ನೂ ಕೇಳದೆ ಲಿಫ್ಟ್ ಕಂಪನಿಗೆ ಫೋನ್ ಮಾಡಿದ್ದಳು. ಒಬ್ಬ ಮೆಕ್ಯಾನಿಕ್ ಬಂದೇಬಿಟ್ಟ. ಮೇಲಿನ ಪೆಟ್ಟಿಗೆ ಬಿಚ್ಚಿ ನೋಡಿ, ಒಂದು ಸಣ್ಣ ಬಿಡಿಭಾಗ ಹೋಗಿದೆ, ನೀವು ಟೀ ಕುಡಿದು ಬರುವಷ್ಟರಲ್ಲಿ ಹಾಕಿಬಿಡುತ್ತೇನೆ ಎಂದ. ಬಿಡಿಭಾಗ ಅವನ ಅಂಗಿಯ ಜೇಬಿನಲ್ಲೇ ಇತ್ತು. ಸಾಹೇಬರು ಅವನನ್ನು ತಡೆದು ತುರ್ತು ಸಭೆ ಕರೆದರು.

“ಲಿಫ್ಟ್ ಹೊರಟ್ರೆ ಚಳವಳಿ ನಿಲ್ಲುತ್ತೆ,” ಎಂದರು ಸಾಹೇಬರು ಸಭೆಯಲ್ಲಿ. “ಇಷ್ಟು ಸಾವಿರ ಯುವಜನ ನಂಬಿಕೊಂಡು ಬಂದಿದ್ದಾರೆ. ನಾಳೆ ಅವರೆಲ್ಲ ಎಲ್ಲಿಗೆ ಹೋಗ್ಬೇಕು?”

ಒಂದು ಲಿಫ್ಟಿಗಾಗಿ ಸಮಾಜದ ಜಾಗೃತಿಯನ್ನು ಬಲಿಕೊಡಬಾರದೆಂದು ನಿರ್ಣಯವಾಯಿತು. ಮೆಕ್ಯಾನಿಕ್‌ಗೆ ವಿಷಯವನ್ನು ತಿಳಿಹೇಳಲಾಯಿತು. ಅವನು ಮೊದಲು ಪೆಚ್ಚಾದ, ಆಮೇಲೆ ತಾನೂ ಆ ಗ್ರೂಪಿನಲ್ಲಿ ಇದ್ದೇನೆ ಎಂದು ನೆನಪಾಗಿ ಸಮಾಧಾನಪಟ್ಟುಕೊಂಡ. ಬಿಡಿಭಾಗವನ್ನು ಜೇಬಿನಲ್ಲೇ ಇಟ್ಟುಕೊಂಡು ಹೋಗಿ ಸಂಜೆ “ಲಿಫ್ಟ್ ಬೇಕು” ಎಂದು ಬರೆದು ಮುಷ್ಟಿ ಹಾಕಿದ.

ಫಲಕ ನಮಗೇ ಬಂತು. ನೀರು ಸರಬರಾಜಿನವರು ಹೊಟ್ಟೆ ಉರಿದುಕೊಂಡರು. ಸಮಾರಂಭದಲ್ಲಿ ಸಾಹೇಬರು, ಎಷ್ಟೇ ಒತ್ತಡ ಬಂದರೂ ಲಿಫ್ಟ್ ಸರಿಯಾಗುವವರೆಗೆ ವಿಶ್ರಮಿಸುವುದಿಲ್ಲವೆಂದು ಗದ್ಗದಿತರಾಗಿ ಹೇಳಿದರು. ಒತ್ತಡ ಯಾರದ್ದೆಂದು ಯಾರೂ ಕೇಳಲಿಲ್ಲ. ಹುಡುಗಿಗೂ ವೇದಿಕೆಯ ತುದಿಯಲ್ಲಿ ಒಂದು ಕುರ್ಚಿ ಕೊಟ್ಟಿದ್ದೆವು, ಆದರೆ ಅವತ್ತು ಅವಳ ಅಪ್ಪನಿಗೆ ಡಯಾಲಿಸಿಸ್ ಇದ್ದುದರಿಂದ ಅದು ಖಾಲಿ ಉಳಿಯಿತು.

ಅದೇ ದಿನ ಅವಳ ಅಪ್ಪ ಮೊದಲನೆಯ ತಿರುವಿನಲ್ಲಿ ಕೂತವರು ಮತ್ತೆ “ರೈಟ್” ಎನ್ನಲೇ ಇಲ್ಲ. ಫಲಕ ಬಂದ ಪ್ರಕಟಣೆಯನ್ನು ಗೋಡೆಗೆ ಅಂಟಿಸಲು ನಾನು ಮೆಟ್ಟಿಲು ಹತ್ತುತ್ತಿದ್ದೆ. ಗೋಡೆಗೆ ಒರಗಿ ಕೂತಿದ್ದರು, ತುಟಿ ಕಪ್ಪಾಗಿತ್ತು. ಮಗಳು ಪಕ್ಕದಲ್ಲಿ ಕೂತು ಬೆನ್ನು ನೀವುತ್ತಿದ್ದಳು.

“ಸಾಕು ಮಗಳೇ,” ಎಂದರು ಅವರು. “ನನ್ ಟ್ರಿಪ್ ಇಷ್ಟೇ ಅನ್ಸುತ್ತೆ. ಮನೆಗೆ ಹೋಗೋಣ ನಡಿ.”

ಅವಳು ನನ್ನ ಕಡೆ ನೋಡಿದಳು, ನನ್ನ ಕೈಯಲ್ಲಿದ್ದ ಅಂಟಿನ ಡಬ್ಬಿಯನ್ನೂ ನೋಡಿದಳು. ನಾನು ಆ ಪ್ರಕಟಣೆಯನ್ನು ಅಲ್ಲಿ ಅಂಟಿಸದೆ ಕೆಳಗೆ ಮೆಟ್ಟಿಲ ಬುಡದಲ್ಲಿ ಅಂಟಿಸಿದೆ.

ಅವತ್ತು ಅವರು ಮನೆಗೆ ಹೋದರು. ಮುಂದಿನ ಸರದಿಯ ಹೊತ್ತಿಗೆ ಮುಖವೆಲ್ಲ ಊದಿಕೊಂಡಿತ್ತೆಂದು ಕೇಳಿದೆ. ಮೂರನೆಯ ಮಹಡಿಯ ಸಿಸ್ಟರ್ ಹುಡುಗಿಗೆ ಮುಖಕ್ಕೆ ಹೊಡೆದಂತೆ ಹೇಳಿದ್ದರು: ಇನ್ನೊಂದು ಸಲ ತಪ್ಪಿದರೆ ಮನುಷ್ಯ ಉಳಿಯುವುದಿಲ್ಲ, ಹೊತ್ತುಕೊಂಡಾದರೂ ಕರೆದುಕೊಂಡು ಬಾ.

ಹುಡುಗಿ ಗ್ರೂಪಿನಲ್ಲಿ ಬರೆದಳು: “ನಾಳೆ ಬೆಳಿಗ್ಗೆ ಅಪ್ಪನನ್ನು ಎತ್ತಿಕೊಂಡು ಹೋಗಬೇಕು. ನಾಲ್ಕು ಜನ ಬೇಕು.” ಚಳವಳಿಯ ಇತಿಹಾಸದಲ್ಲೇ ಅತಿ ಹೆಚ್ಚು ಸ್ಪಂದನೆ ಸಿಕ್ಕ ಸಂದೇಶ ಅದು. ಹೃದಯಗಳು ಬಂದವು, ಅಳುವ ಮುಖಗಳು ಬಂದವು. ‘ನಾಲ್ಕು ಜನ ಬೇಕು’ ಎಂದು ದಪ್ಪ ಅಕ್ಷರದಲ್ಲಿ ಒಂದು ಪೋಸ್ಟರ್ ತಯಾರಾಗಿ ಮೂರು ಗ್ರೂಪುಗಳಲ್ಲೂ ಸುತ್ತಿತು. ಬರುತ್ತೇನೆ, ಬರಬಹುದು, ಮನಸ್ಸಿನಿಂದ ಬರುತ್ತೇನೆ ಎಂದು ಮತದಾನವೂ ನಡೆಯಿತು. ಮನಸ್ಸಿನಿಂದ ಬರುವವರು ಭಾರಿ ಬಹುಮತದಿಂದ ಗೆದ್ದರು. ‘ಮೆಟ್ಟಿಲೇ ಮದ್ದು’ ಗ್ರೂಪಿನವರು ಮೊದಲ ಬಾರಿಗೆ ಬೂಟಿನ ಚಿತ್ರದ ಬದಲು ಕೈಮುಗಿದ ಚಿತ್ರ ಹಾಕಿದರು. ಅದಂತೂ ನನಗೆ ದೊಡ್ಡತನವೆಂದೇ ಕಂಡಿತು.

ಬೆಳಿಗ್ಗೆ ಮೈಯಿಂದ ಬಂದವರು ನಾಲ್ಕು ಜನ. ಚಾರ್ಜರ್ ಒಬ್ಬ. ಹಿಂದಿನ ಬೀದಿಯ ಜಿಮ್ಮಿನಲ್ಲಿ ಕಸರತ್ತು ಕಲಿಸುವ ಜಿಮ್ ಅಕ್ಕ ಒಬ್ಬರು. ಮತ್ತಿಬ್ಬರು ಮನೆಮನೆಗೆ ನೀರಿನ ಕ್ಯಾನ್ ಹೊತ್ತು ಹಾಕುವ ಅಣ್ಣತಮ್ಮಂದಿರು. ಈ ಅಣ್ಣತಮ್ಮಂದಿರು ಗ್ರೂಪಿನಲ್ಲೇ ಇರಲಿಲ್ಲ. ಮೊಬೈಲ್ ನೋಡಲು ಅವರಿಗೆ ಕೈ ಬಿಡುವಿರುವುದಿಲ್ಲ. ಚಾರ್ಜರ್ ದಾರಿಯಲ್ಲಿ ಸಿಕ್ಕಾಗ ಹೇಳಿದನಂತೆ, ಕ್ಯಾನ್ ಇಳಿಸಿ ಬಂದುಬಿಟ್ಟರು. ಸದಸ್ಯರಲ್ಲದವರು ಪಾಲ್ಗೊಳ್ಳುವಂತಿಲ್ಲ ಎಂಬ ನಿಯಮವಿತ್ತಲ್ಲ, ಹಾಗಾಗಿ ನಾನು ಅವರನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ ಗ್ರೂಪಿಗೆ ಸೇರಿಸಿದೆ. ಅಣ್ಣನ ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ. ಚಾರ್ಜರ್ ಇದ್ದುದರಿಂದ ತೊಂದರೆಯಾಗಲಿಲ್ಲ. ಅಷ್ಟು ಹೊತ್ತು ಕಂಡಕ್ಟರ್ ಗೋಡೆ ಹಿಡಿದು ನಿಂತಿದ್ದರು.

ಆಸ್ಪತ್ರೆಯ ಗಾಲಿಕುರ್ಚಿ ಮೆಟ್ಟಿಲಿಗೆ ಆಗಿಬರಲಿಲ್ಲ. ಕೊನೆಗೆ ಜಿಮ್ ಅಕ್ಕ ಕಚೇರಿಯೊಳಗೆ ಬಂದು, ಒಂದು ಮಾತೂ ಕೇಳದೆ ನನ್ನ ಕುರ್ಚಿಯನ್ನು ಎತ್ತಿಕೊಂಡು ಹೋದರು. ಕೈಯಿರುವ ಮರದ ಕುರ್ಚಿ, ನಾನು ಕೆಲಸಕ್ಕೆ ಸೇರಿದಾಗಿನಿಂದ ಕೂತದ್ದು. ಕಂಡಕ್ಟರ್ ಅದರಲ್ಲಿ ಕೂತು ಹಿಂದೆ ಮುಂದೆ ನೋಡಿ, ನಾಲ್ವರೂ ಸರಿಯಾಗಿ ಹಿಡಿದಿದ್ದಾರೆಂದು ಖಚಿತವಾದ ಮೇಲೆ “ರೈಟ್” ಎಂದರು. ಕುರ್ಚಿ ಮೇಲೆದ್ದಿತು. ಹತ್ತು ಜನರ ಕಡ್ಡಿ ಒಬ್ಬನ ಹೊರೆ ಎಂಬ ಗಾದೆಯನ್ನು ನಾನು ಎಷ್ಟೋ ಪ್ರಕಟಣೆಗಳಲ್ಲಿ ಬಳಸಿದ್ದೇನೆ, ಕಣ್ಣಾರೆ ಕಂಡದ್ದು ಅವತ್ತೇ. ನೋಡನೋಡುತ್ತಿದ್ದಂತೆ ಅವರು ಮೂರನೆಯ ಮಹಡಿ ತಲುಪಿದರು. ಹುಡುಗಿ ಹಿಂದೆ ಹಿಂದೆ ಅಳುತ್ತಾ ನಗುತ್ತಾ ಓಡಿದಳು. ನನಗೂ ಸಂತೋಷವಾಯಿತು. ಅವತ್ತಿಡೀ ನಿಂತೇ ಕೆಲಸ ಮಾಡಿದೆ.

ಸಂಜೆ ಮತ್ತೊಂದು ಸಭೆ ಸೇರಿತು. ರೋಗಿಯೊಬ್ಬರು ನೆಲಮಹಡಿಯಿಂದ ಮೂರನೆಯ ಮಹಡಿಗೆ ನಡೆಯದೆ ಹೋಗಿದ್ದಾರೆ, ಇದನ್ನು ಏನೆಂದು ಕರೆಯಬೇಕು? ಲಿಫ್ಟಿನ ಜೊತೆ ಬಂದ ಕೈಪಿಡಿಯನ್ನು ತೆಗೆಸಿ ಓದಲಾಯಿತು. “ಜನರನ್ನು ಒಂದು ಮಹಡಿಯಿಂದ ಇನ್ನೊಂದು ಮಹಡಿಗೆ ಸುರಕ್ಷಿತವಾಗಿ ಸಾಗಿಸುವ ಸಾಧನ” ಎಂದಿತ್ತು. ಸಾಹೇಬರು ಕೈಪಿಡಿಯನ್ನು ಮುಚ್ಚಿ, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ, ಆ ಮರದ ಕುರ್ಚಿಯೇ ಲಿಫ್ಟ್ ಎಂದು ಘೋಷಿಸಿದರು. ಇದರಿಂದ ಯುವಜನರ ಬೇಡಿಕೆ ಈಡೇರಿದಂತಾಯಿತು. ಹಳೆಯ ಲಿಫ್ಟ್ ನಿಂತಲ್ಲೇ ಇರುವುದರಿಂದ ಚಳವಳಿಯೂ ಉಳಿದಂತಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸಾಹೇಬರ ಬಡ್ತಿಯ ಕಡತ ಆ ವಾರವೇ ಮೇಲಕ್ಕೆ ಹೋಯಿತು.

ಲಿಫ್ಟಣ್ಣನನ್ನು ಕುರ್ಚಿಗೆ ವರ್ಗಾಯಿಸಲಾಯಿತು. ಅವರು ಸ್ಟೂಲ್ ಬಿಟ್ಟೆದ್ದು ಕುರ್ಚಿಯ ಮುಂದೆ ಮುಂದೆ ಮೆಟ್ಟಿಲು ಹತ್ತುತ್ತಾ “ಮೊದಲನೇ ಮಹಡಿ, ಹೆರಿಗೆ ವಾರ್ಡು” ಎಂದು ಕೂಗಿ ಹೇಳತೊಡಗಿದರು. ಬಹಳ ದಿನದ ಮೇಲೆ ಅವರ ಮುಖದಲ್ಲಿ ಕಳೆ ಬಂತು. ಕುರ್ಚಿಯ ಬೆನ್ನಿಗೆ “ಸಾಮರ್ಥ್ಯ: ಒಬ್ಬರು” ಎಂಬ ತಗಡು ಹೊಡೆಸಿದೆವು. ಲಿಫ್ಟಿಗೆ ಅನ್ವಯವಾಗುವ ಸುರಕ್ಷತಾ ನಿಯಮಗಳೆಲ್ಲ ಕುರ್ಚಿಗೂ ಅನ್ವಯಿಸುತ್ತವೆಂದು ನಾನೇ ಪ್ರಕಟಣೆ ಬರೆದೆ. ಬೇರೆ ರೋಗಿಗಳೂ ಸಾಲು ನಿಂತರು. ನಾಲ್ವರೂ ಬೆಳಿಗ್ಗೆ ತಮ್ಮ ಕೆಲಸಕ್ಕೆ ಮುಂಚೆ ಬಂದು ಎತ್ತಿ, ಮಧ್ಯಾಹ್ನ ಮತ್ತೆ ಬಂದು ಇಳಿಸಿ ಹೋಗತೊಡಗಿದರು. ಇಳಿಯುವವರ ಸಮಸ್ಯೆಯೂ ಬಗೆಹರಿದದ್ದರಿಂದ ‘ಲಿಫ್ಟ್ ಬೇಕೇ ಬೇಕು’ ಗ್ರೂಪಿನವರು ಮುನಿಸು ಬಿಟ್ಟು ಮೂಲ ಗ್ರೂಪಿಗೆ ಮರಳಿದರು.

ಹುಡುಗಿ ಇನ್ನೊಂದು ಸಲ ಕಚೇರಿಗೆ ಬಂದಳು. ಎತ್ತುವವರಿಗೂ ಸೊಂಟವಿದೆ, ಎಷ್ಟು ದಿನ ಎತ್ತುತ್ತಾರೆ ಎಂದಳು. ಲಿಫ್ಟ್ ಬೇಡವೇ ಬೇಡ, ಡಯಾಲಿಸಿಸ್ಸನ್ನು ಕೆಳಗೆ ತನ್ನಿ, ಕಚೇರಿ ಮೇಲ್ಗಡೆ ಹೋಗಲಿ ಎಂದಳು. ಇಡೀ ಕಚೇರಿ ಟೈಪು ಮಾಡುವುದನ್ನು ಬಿಟ್ಟು ಅವಳ ಕಡೆ ತಿರುಗಿತು. ಸಾಹೇಬರು ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. ಅವಳನ್ನು ಕೂರಿಸಿ ತಂದೆಯಂತೆ ಹೇಳಿದರು.

“ಒಳ್ಳೇ ಸಲಹೆ ಕಣಮ್ಮ. ಆದ್ರೆ ನೀನೇ ಯೋಚನೆ ಮಾಡು, ದಿನಾ ಅಷ್ಟು ಎತ್ತರಕ್ಕೆ ನಾವು ಹೇಗೆ ಹತ್ತೋದು? ಲಿಫ್ಟ್ ಬೇರೆ ಇಲ್ಲ.”

ಅವಳು ಹೌದಲ್ಲ ಸರ್ ಎಂದು ಎದ್ದುಹೋದಳು. ಅವಳಲ್ಲಿ ಪ್ರಬುದ್ಧತೆ ಬರುತ್ತಿದೆಯೆಂದು ಸಾಹೇಬರು ಮೆಚ್ಚಿಕೊಂಡರು.

ಹೋದ ವಾರ ಬೆಳಿಗ್ಗೆ ಕರೆಂಟ್ ಹೋಯಿತು. ನಮ್ಮ ಜನರೇಟರ್ ಡಯಾಲಿಸಿಸ್ ಯಂತ್ರಗಳಿಗೂ ಕಚೇರಿಯ ಫ್ಯಾನುಗಳಿಗೂ ಸಾಕಾಗುತ್ತದೆ, ಮೆಟ್ಟಿಲ ದೀಪಗಳಿಗೆ ಸಾಲುವುದಿಲ್ಲ. ಆಗ ಕಂಡಕ್ಟರ್ ಇದ್ದ ಕುರ್ಚಿ ಮೂರನೆಯ ಮಹಡಿಗೆ ಇನ್ನು ನಾಲ್ಕೈದು ಮೆಟ್ಟಿಲು ಇರುವಾಗ, ಮುಂದಿದ್ದ ಲಿಫ್ಟಣ್ಣ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಗಲಾಟೆ ಕೇಳಿ ನಾನು ಮೇಲೆ ಹೋದೆ. ನಾಲ್ವರೂ ಮೆಟ್ಟಿಲ ಮೇಲೆ ಕುರ್ಚಿಯನ್ನು ಓರೆಯಾಗದಂತೆ ಹಿಡಿದು ನಿಂತಿದ್ದರು. ಕರೆಂಟ್ ಇಲ್ಲದಾಗ ಲಿಫ್ಟ್ ಚಲಾಯಿಸತಕ್ಕದ್ದಲ್ಲ ಎಂಬ ನಿಯಮವನ್ನು ಲಿಫ್ಟಣ್ಣ ಬಾಯಿಪಾಠ ಒಪ್ಪಿಸುತ್ತಿದ್ದರು.

“ಅಣ್ಣಾ, ಇದು ಕರೆಂಟಲ್ಲಿ ಓಡಲ್ಲ,” ಎಂದರು ಜಿಮ್ ಅಕ್ಕ.

“ಇದು ಲಿಫ್ಟ್ ಹೌದೋ ಅಲ್ವೋ, ಅದು ಹೇಳಿ.”

ಜಿಮ್ ಅಕ್ಕ ಯೋಚಿಸಿದರು. “ಹೌದು,” ಎಂದರು.

“ಮತ್ತೆ?”

ಕಂಡಕ್ಟರ್ ಮೆಲ್ಲಗೆ, ನನ್ನನ್ನು ಇಳಿಸಿಬಿಡಿ, ಇಷ್ಟನ್ನು ನಾನೇ ಹತ್ತುತ್ತೇನೆ ಎಂದರು. ಲಿಫ್ಟ್ ನಡುವೆ ನಿಂತಾಗ ಪ್ರಯಾಣಿಕರು ಹೊರಗೆ ಇಳಿಯುವ ಹಾಗಿಲ್ಲವೆಂದು ಲಿಫ್ಟಣ್ಣ ತಿಳಿಸಿದರು. ಎಲ್ಲರೂ ನನ್ನ ಮುಖ ನೋಡಿದರು. ನಿಯಮ ಹಾಗೇ ಇದೆಯೆಂದು ನಾನು ಹೇಳಬೇಕಾಯಿತು, ಬರೆದವನು ನಾನೇ. ನೀರಿನ ಕ್ಯಾನ್ ಅಣ್ಣತಮ್ಮಂದಿರು ಭುಜ ಬದಲಾಯಿಸಿಕೊಂಡರು. ಚಾರ್ಜರ್ ಒಂದು ಕೈಯಲ್ಲಿ ಕುರ್ಚಿ ಹಿಡಿದು ಇನ್ನೊಂದು ಕೈಯಿಂದ ಮೊಬೈಲ್ ತೆಗೆದು ‘ಕರೆಂಟ್ ಬೇಕು’ ಎಂಬ ಹೊಸ ಗ್ರೂಪ್ ತೆರೆದ. ನೋಡುತ್ತಿದ್ದಂತೆ ಜನ ಸೇರತೊಡಗಿದರು. ಕೆಳಗಿನಿಂದ ಸಾಹೇಬರೂ ಸೇರಿಕೊಂಡರು, ಚಾರ್ಜರ್ ಕುರ್ಚಿ ಹಿಡಿದ ಹಾಗೇ ಅವರಿಗೆ ಅಡ್ಮಿನ್ ಸ್ಥಾನ ಬಿಟ್ಟುಕೊಟ್ಟ.

ಮೇಲೆ ಬಾಗಿಲಲ್ಲಿ ಸಿಸ್ಟರ್ ನಿಂತಿದ್ದರು. ಅವರ ಹಿಂದೆ ಯಂತ್ರದ ಸದ್ದು ಕೇಳುತ್ತಿತ್ತು, ಖಾಲಿ ಹಾಸಿಗೆಯೂ ಕಾಣುತ್ತಿತ್ತು. ಕಂಡಕ್ಟರ್ ಅದನ್ನೇ ನೋಡುತ್ತಾ ಎದೆ ಹಿಡಿದುಕೊಂಡು ಉಸಿರು ಎಳೆಯುತ್ತಿದ್ದರು. ಹುಡುಗಿ ಏನಾದರೂ ಅನ್ನುತ್ತಾಳೆಂದು ನಾನು ಕಾದೆ. ನನ್ನ ಮೇಜಿನ ಮುಂದೆ ನಿಂತು ಯಾವಾಗ ಹೊರಡುತ್ತೆ ಎಂದು ಕೇಳಿದವಳು ಅವಳೇ ಅಲ್ಲವೇ. ಅವಳು ಬಾಗಿಲನ್ನು ನೋಡಿದಳು, ನಡುವಿನ ಮೆಟ್ಟಿಲುಗಳನ್ನು ನೋಡಿದಳು, ಲಿಫ್ಟಣ್ಣನ ಎತ್ತಿದ ಕೈಯನ್ನು ನೋಡಿದಳು. ಆಮೇಲೆ ಕರವಸ್ತ್ರದಿಂದ ಅಪ್ಪನ ಹಣೆ ಒರೆಸಿದಳು.

“ಸ್ವಲ್ಪ ತಾಳಪ್ಪ,” ಎಂದಳು. “ಕರೆಂಟ್ ಬಂದ ಕೂಡ್ಲೇ ಹೊರಡುತ್ತೆ.”

ಅಪ್ಪ ಸರಿಯೆಂದು ತಲೆಯಾಡಿಸಿ ಹಿಂದಕ್ಕೆ ಒರಗಿದರು. ನಾವೆಲ್ಲ ಕರೆಂಟ್ ಬರುವುದನ್ನು ಕಾಯುತ್ತಾ ನಿಂತೆವು.